ಬಿಸಿಲು ಬೀಳುವ ಖೋಲಿ

ಠಾಣಾ ಕುಶನೂರ, ೬ ಆಗಸ್ಟ್ ೧೯೫೬

ಇವತ್ತಿನಿಂದ ದಿನಾ ನಾಲ್ಕು ಸಾಲಾದರೂ ಕನ್ನಡದಲ್ಲಿ ಬರೆಯಬೇಕೆಂದು ಹಟ ಹಿಡಿದಿದ್ದೇನೆ. ನವೆಂಬರಿನಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರುತ್ತದಂತೆ, ಶಾಲೆಯ ಕಾಗದಪತ್ರವೆಲ್ಲ ಕನ್ನಡವಾಗುತ್ತದಂತೆ. ಕನ್ನಡ ಬರೆಯಲು ಬಾರದವರು ಈಗಿನಿಂದಲೇ ಕೈ ತಿದ್ದಿಕೊಳ್ಳಿ ಎಂದು ಇನ್ಸ್‌ಪೆಕ್ಟರ್ ಸಾಹೇಬರು ಬಂದು ಹೆದರಿಸಿ ಹೋದರು. ನಾನು ಬೀದರಿನ ಮಿಶನ್ ಶಾಲೆಯಲ್ಲಿ ಕನ್ನಡ ಓದಿದವಳು, ನನಗೇನು ಹೆದರಿಕೆ? ಆದರೂ ಇಷ್ಟು ವರ್ಷ ಉರ್ದು, ಮರಾಠಿಯಲ್ಲಿ ವರದಿ ಬರೆದು ಬರೆದು ಕೈ ಕೆಟ್ಟಿದೆ. ಯಾರೂ ಓದದ ಈ ಪುಟಗಳಲ್ಲಿ ತಪ್ಪಾದರೆ ನನ್ನ ಬೆತ್ತ ನನಗೇ.

ಏನು ಬರೆಯಲಿ? ಮಳೆ ಬಿಡುತ್ತಿಲ್ಲ. ಹಿಂದಿನ ಮಣ್ಣಿನ ಗೋಡೆ ಬೆವರುತ್ತಿದೆ. ತಂಗಿ ಎಲಿಜಬೆತಳ ಮಂಚದ ತಲೆಗೇ ಕಪ್ಪು ಬೂಷ್ಟು ಎದ್ದಿದೆ. ಇಲ್ಲಿಯವರು ಅದಕ್ಕೆ ಬುರ್ಸಿ ಅನ್ನುತ್ತಾರೆ. ಬೆಳಿಗ್ಗೆ ಬೂದಿ ಹಾಕಿ ತಿಕ್ಕಿದರೆ ಸಂಜೆಗೆ ಮತ್ತೆ ಅಲ್ಲೇ ಇರುತ್ತದೆ. ಅವಳಿಗೆ ವಾರದಿಂದ ಉಬ್ಬಸ. ಉಬ್ಬಸ ಬಂದ ಮರುದಿನ ಕಾಲೆಲುಬು ಹಿಡಿದುಕೊಂಡು ಹೊರಳಾಡುತ್ತಾಳೆ. ಹತ್ತೊಂಬತ್ತರ ಹುಡುಗಿ, ನೋಡಿದರೆ ನಮ್ಮ ಶಾಲೆಗೆ ಸೇರಿಸಿಕೊಳ್ಳಬಹುದು, ಹಾಗಿದ್ದಾಳೆ.

ತಮ್ಮ ಗಿಡಿಯೋನನೂ ಹೀಗೆ ಎಲುಬು ಎಲುಬು ಎಂದು ಅತ್ತೇ ಹೋದ. ಅವನ ಹಿಂದೆ ಅವ್ವ ಹೋದಳು. ಉಳಿದವರು ನಾವಿಬ್ಬರೇ. ಇವಳನ್ನು ನಾನು ಬಿಟ್ಟುಕೊಡುವುದಿಲ್ಲ.

೧೪ ಆಗಸ್ಟ್

ಬೀದರಿಗೆ ಕರೆದುಕೊಂಡು ಹೋಗಿ ಬಂದೆ. ದವಾಖಾನೆಯ ಡಾಕ್ಟರಮ್ಮ ಅವಳ ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಎರಡು ಗಾಜಿನ ನಡುವೆ ಗಾಳಿಯಾಡದಂತೆ ಮುಚ್ಚಿಟ್ಟರು. ಮರುದಿನ ನನ್ನನ್ನು ಕರೆದು ಸೂಕ್ಷ್ಮದರ್ಶಕದಲ್ಲಿ ನೋಡು ಎಂದರು. ದುಂಡಗಿರಬೇಕಾದ ಕಣಗಳು ಕುಡುಗೋಲಿನಂತೆ ಬಾಗಿ, ಒಂದರ ಮೇಲೊಂದು ಬಿದ್ದಿದ್ದವು. ನನ್ನ ತಂಗಿಯ ಮೈಯಲ್ಲಿ ಸುಗ್ಗಿ ನಡೆದಿದೆಯೇ ಎಂದು ಕೇಳಿದೆ. ನನಗೆ ಹೆದರಿಕೆಯಾದಾಗ ಬಾಯಿ ಇಂಥದ್ದನ್ನೇ ಆಡುತ್ತದೆ. ಡಾಕ್ಟರಮ್ಮ ನಗಲಿಲ್ಲ.

ಅವರು ಹೇಳಿದ್ದನ್ನು ಮರೆಯಬಾರದೆಂದು ಬರೆದಿಡುತ್ತೇನೆ. ಇದು ಹುಟ್ಟಿನಿಂದ ಬಂದ ರಕ್ತ, ಬದಲಾಗುವುದಿಲ್ಲ. ಮೈಗೆ ಉಸಿರು ಸಾಲದಾದಾಗ ಕಣಗಳು ಬಾಗುತ್ತವೆ, ಬಾಗಿದವು ರಕ್ತನಾಳದಲ್ಲಿ ಸಿಕ್ಕಿಕೊಳ್ಳುತ್ತವೆ, ಸಿಕ್ಕಲ್ಲಿ ನೋವು. ಇಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಇವಳ ಎದೆಗೆ ಬೂಷ್ಟು ಆಗಿಬರುವುದಿಲ್ಲ. ಬೂಷ್ಟಿನ ಗಾಳಿ ಕುಡಿದರೆ ಉಬ್ಬಸ, ಉಬ್ಬಸವಾದರೆ ಉಸಿರು ಕಡಿಮೆ, ಆಮೇಲೆ ಮೊದಲಿನ ಕಥೆ. ಈ ಎರಡೂ ಒಂದೇ ಮೈಯಲ್ಲಿ ಇರಬಾರದಿತ್ತು ಎಂದರು. ಉಬ್ಬಸಕ್ಕೆ ಬಿಳಿ ಗುಳಿಗೆ ಕೊಟ್ಟಿದ್ದಾರೆ. ನೀರು ಚೆನ್ನಾಗಿ ಕುಡಿಸಬೇಕು, ಥಂಡಿಯಲ್ಲಿ ಬಿಡಬಾರದು. ಎಲ್ಲಕ್ಕಿಂತ ಮುಖ್ಯ, ಆ ಮನೆ ಬಿಡಿಸು, ಬಿಸಿಲು ಬೀಳುವ ಒಣ ಖೋಲಿ ನೋಡು ಎಂದರು.

ದೆವ್ವಗಿವ್ವದ ಮಾತನ್ನು ಯಾರಾದರೂ ಇನ್ನು ನನ್ನ ಮುಂದೆ ಎತ್ತಲಿ, ಕಣ್ಣಾರೆ ನೋಡಿ ಬಂದವಳು ನಾನು.

೨೭ ಆಗಸ್ಟ್

ಒಣ ಖೋಲಿ ನೋಡು ಎಂದಷ್ಟು ಸುಲಭವಾಗಿ ಸಿಗುತ್ತದೆಯೇ? ನಮ್ಮ ಓಣಿಯ ಗೋಡೆಗಳೆಲ್ಲ ಒಂದೇ ಕೆರೆಯ ಮಣ್ಣು. ಓಣಿ ದಾಟಿದರೆ ನಮಗೆ ಮನೆ ಕೊಡುವವರಿಲ್ಲ. ಯೇಸುವಿನವರಾದರೂ ನಾವು ಯಾರ ಮೊಮ್ಮಕ್ಕಳು ಎಂಬುದನ್ನು ಊರು ಮರೆತಿಲ್ಲ.

ಮಾಣಿಕರಾವ ಪಾಟೀಲರ ವಾಡೆಯ ಹೊರ ಅಂಗಳದಲ್ಲಿ ಒಂದು ಬೈಠಕ ಖೋಲಿ ಇದೆ. ಪೂರ್ವಕ್ಕೆ ಕಿಟಕಿ, ನೆಲಕ್ಕೆ ಫರಸಿ ಕಲ್ಲು, ಗೋಡೆ ಕಲ್ಲಿನದು. ಅವರ ತಂದೆ ತೀರಿದ ಮೇಲೆ ಬೀಗ ಹಾಕಿಯೇ ಇದೆ. ಇವತ್ತು ಧೈರ್ಯ ಮಾಡಿ ಹೋದೆ. ಮೆಟ್ಟಿಲ ಕೆಳಗೆ ನಿಂತೆ. "ಯಾಕ ಬಂದಿ?" ಎಂದರು. ಹೇಳಿದೆ. ನೋಡ್ತೇನಿ ಎಂದರು. ದೊಡ್ಡವರು ಹಾಗೆಂದರೆ ಏನೆಂದು ನನಗೆ ಗೊತ್ತು.

೩ ಸೆಪ್ಟೆಂಬರ್

ನಾಳೆ ಮಕ್ಕಳಿಗೆ ಹಗೇವಿನ ಬಗ್ಗೆ ನಿಬಂಧ ಬರೆಸಬೇಕು. ಮೊದಲು ನಾನು ಬರೆದು ನೋಡುತ್ತೇನೆ. ಮುರುಮ್ಮಿನ ಗಟ್ಟಿ ನೆಲದಲ್ಲಿ ಆಳವಾಗಿ, ಒಳಗೆ ಅಗಲ ಬಾಯಿಗೆ ಸಣ್ಣಕ್ಕೆ ಗುಂಡಿ ತೋಡುತ್ತಾರೆ. ಸುತ್ತ ಜೋಳದ ದಂಟಿನ ಕಣಿಕೆ ಇಟ್ಟು ಜೋಳ ತುಂಬಿ, ಬಾಯಿಗೆ ಚಪ್ಪಡಿ ಹಾಕಿ ಮಣ್ಣು ಮೆತ್ತುತ್ತಾರೆ. ಬೇಕಾದಾಗ ತೆಗೆಯುತ್ತಾರೆ. ತೆಗೆದ ಕೂಡಲೇ ಇಳಿದರೆ ಒಳಗಿನ ಕೆಟ್ಟ ಗಾಳಿಗೆ ಮನುಷ್ಯ ಸಾಯುತ್ತಾನೆ; ಆದ್ದರಿಂದ ಮೊದಲು ದೀಪ ಇಳಿಬಿಡುತ್ತಾರೆ. ಗೋಡೆಗೆ ಹತ್ತಿದ ಜೋಳ ಕರ್ರಗಾಗುತ್ತದೆ, ಅದನ್ನು ಕೂಲಿಯವರಿಗೆ ಕೊಡುತ್ತಾರೆ. ಈ ಕೊನೆಯ ಸಾಲು ಮಕ್ಕಳಿಗೆ ಬೇಡ.

ಪಾಟೀಲರು ಸಣ್ಣ ರೈತರಿಂದ ಹಗೇವುಗಳನ್ನು ಬಾಯಿ ತೆಗೆಯದೆಯೇ ಕೊಂಡು ಬೀದರಿನ ಗಂಜ್ ಪೇಟೆಗೆ ಮಾರುತ್ತಾರೆ. ತೆಗೆಯದೆ ಕೊಳ್ಳುವುದು ಈ ಸೀಮೆಯ ಪದ್ಧತಿ. ಒಳಗೆ ಬಂಗಾರದಂಥ ಜೋಳವಿದ್ದರೆ ಕೊಂಡವನ ದೈವ, ಕೆಟ್ಟಿದ್ದರೆ ಅವನ ಕರ್ಮ.

ಈ ಸಂಜೆ ಶಾಲೆಯಿಂದ ಎಲಿಜಬೆತಳ ಜೊತೆ ಬರುವಾಗ ದಾರಿಯ ಪಕ್ಕ ಪಾಟೀಲರು ಒಂದು ಹಗೇವಿನ ಮೇಲೆ ನಿಂತು ಮಾತು ಮುಗಿಸುತ್ತಿದ್ದರು. ಎಲಿಜಬೆತ ಗಕ್ಕನೆ ನಿಂತಳು. ಎದೆಯ ಮೇಲೆ ಕೈ ಇಟ್ಟುಕೊಂಡು, ಯಾರಿಗೋ ಎನ್ನುವಂತೆ, "ಇದು ಎಚ್ಚರ ಅದ" ಎಂದಳು. ಮನೆಗೆ ಬರುವಷ್ಟರಲ್ಲಿ ಉಬ್ಬಸ. ಗುಳಿಗೆ ಕೊಟ್ಟೆ, ಒಂದು ಗಳಿಗೆಯಲ್ಲಿ ಇಳಿಯಿತು.

ಮುಚ್ಚಿದ ಬಾಯಿ, ಮೇಲೆ ಮೊಳದಷ್ಟು ಮಣ್ಣು. ನನಗೆ ಯಾವ ವಾಸನೆಯೂ ಬರಲಿಲ್ಲ.

೫ ಸೆಪ್ಟೆಂಬರ್

ಆ ಮಾತು ಪಾಟೀಲರ ಕಿವಿಗೆ ಬಿದ್ದಿತ್ತು. ಕೊಳ್ಳುವುದನ್ನು ಬಿಟ್ಟರಂತೆ. ಹಟಕ್ಕೆ ಬಿದ್ದ ರೈತ ಇವತ್ತು ತೆಗೆಸಿದ. ಮೇಲಿಂದ ಕೆಳತನಕ ಕಪ್ಪು, ಗಡ್ಡೆಗಟ್ಟಿದೆ. ಇಳಿಬಿಟ್ಟ ದೀಪ ಬಾಯಲ್ಲೇ ಆರಿತಂತೆ.

ಓಣಿಯಲ್ಲಿ ಇದೇ ಮಾತು. ಎಲಿಜಬೆತಳಿಗೆ ಮೈಮೇಲೆ ಏನೋ ಬರುತ್ತದೆ ಎನ್ನುತ್ತಾರೆ. ಪಕ್ಕದ ಮನೆಯ ಭೀಮಬಾಯಿಗೆ ನಾನು ಸರಿಯಾಗಿ ಹೇಳಿದೆ: ಮೈಮೇಲೆ ಬರುವುದೂ ಇಲ್ಲ, ಹೋಗುವುದೂ ಇಲ್ಲ, ಮಣ್ಣಿನ ಬಿರುಕಿನಿಂದ ಬಂದ ಬುರ್ಸಿಯ ಗಾಳಿ ಇವಳ ಎದೆಗೆ ತಾಕುತ್ತದೆ, ಅಷ್ಟೇ. ಭೀಮಬಾಯಿ ಹೂಂ ಎಂದಳು. ಆದರೆ ಹೋಗುವಾಗ ಎಲಿಜಬೆತಳ ಕಡೆಗೆ ಬೆನ್ನು ಮಾಡದೆ ಹೋದಳು.

೧೦ ಸೆಪ್ಟೆಂಬರ್

ಪಾಟೀಲರು ಕರೆಸಿದ್ದರು. "ಬರ್ರಿ ಹನ್ನಾಬಾಯಿ, ಮ್ಯಾಲ ಬರ್ರಿ" ಎಂದರು. ಮೆಟ್ಟಿಲ ಮೇಲೆ! ಈ ಊರಲ್ಲಿ ಇಷ್ಟು ವರ್ಷ ಬಾಳಿದೆ, ಆ ಕಲ್ಲಿನ ಮೇಲೆ ಕಾಲಿಟ್ಟಿದ್ದು ಇವತ್ತೇ.

ಈ ಸಲದ ಹಗೇವುಗಳು ಮುಗಿಯುವತನಕ ಎಲಿಜಬೆತ ಜೊತೆಗೆ ಬಂದು ನಿಂತು ಹೇಳಬೇಕು. ಬೈಠಕ ಖೋಲಿಗೆ ಸುಣ್ಣ ಹೊಡೆಸಿ ನಮಗೆ ಬಿಟ್ಟುಕೊಡುತ್ತಾರೆ. ನಾವು ಇರುವತನಕ ಅದು ನಮ್ಮದು. ನಾನು ಆಗುವುದಿಲ್ಲ ಎಂದೆ. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದೆ. ಅವರು ಸಿಟ್ಟಾಗಲಿಲ್ಲ, ನಿಮ್ಮ ಮರ್ಜಿ ಎಂದರು.

ಮನೆಗೆ ಬಂದಾಗ ಎಲಿಜಬೆತ ಮಂಚದ ಮೇಲೆ ಕುಳಿತು ಗೋಡೆ ನೋಡುತ್ತಿದ್ದಳು. ಬೂಷ್ಟು ತೊಲೆಯತನಕ ಹತ್ತಿದೆ. "ಅಕ್ಕಾ, ಒಂದ ಸಲ ನಿಂತು ಬರ್ತೇನಿ. ಆ ಖೋಲ್ಯಾಗ ಬಿಸಿಲು ಬೀಳ್ತದಲ್ಲ" ಎಂದಳು. ಅವಳೇ ಹೇಳಿದ್ದು. ಇಲ್ಲಿ ಮಲಗಿ ದಿನಾ ಕುಡಿಯುವ ಗಾಳಿಗಿಂತ ಅಲ್ಲಿ ಒಂದು ಗಳಿಗೆ ನಿಲ್ಲುವುದು ಹೆಚ್ಚಿನದೇನಲ್ಲ ಎಂದು ನನಗೂ ಅನ್ನಿಸಿತು.

೧೭ ಸೆಪ್ಟೆಂಬರ್

ಸಾಯಗಾಂವಕ್ಕೆ ಹೋಗಿದ್ದೆವು. ಪಾಟೀಲರ ಸವಾರಿ ಬಂಡಿ ನಮ್ಮ ಓಣಿಯ ಬಾಯಿಗೆ ಬಂದು ನಿಂತಿತು. ಗಾದಿ ಹಾಸಿತ್ತು. ಓಣಿಯವರೆಲ್ಲ ಹೊರಗೆ ಬಂದು ನೋಡಿದರು. ಎಲಿಜಬೆತಳಿಗೆ ನನ್ನ ನೀಲಿ ಸೀರೆ ಉಡಿಸಿದ್ದೆ, ಬೆಳಿಗ್ಗೆ ಮರೆಯದೆ ಗುಳಿಗೆ ಕೊಟ್ಟಿದ್ದೆ.

ಅವಳು ನಿಂತಳು, ಚಪ್ಪಡಿಯ ಸುತ್ತ ನಡೆದಳು, "ಇದು ಮಲಗ್ಯಾದ" ಎಂದಳು. ಉಬ್ಬಸ ಬರಲಿಲ್ಲ, ನನಗೆ ಖುಷಿ. ಪಾಟೀಲರು ಕೊಂಡು ಅಲ್ಲೇ ತೆಗೆಸಿದರು. ಅರ್ಧಕ್ಕರ್ಧ ಕೆಟ್ಟಿತ್ತು. ನಮ್ಮ ಖೋಲಿಗೆ ಸುಣ್ಣ ಹೊಡೆಯಲು ಬಂದಿದ್ದ ಆಳನ್ನು ಪಾಟೀಲರು ಕಣಕ್ಕೆ ಕಳಿಸಿದರೆಂದು ಆಮೇಲೆ ತಿಳಿಯಿತು.

೧೮ ಸೆಪ್ಟೆಂಬರ್

ಇಡೀ ದಿನ ಯೋಚನೆ. ಮಕ್ಕಳಿಗೆ ತಪ್ಪು ಲೆಕ್ಕ ಹಾಕಿಕೊಟ್ಟೆ. ಗುಳಿಗೆ ಉಬ್ಬಸವನ್ನು ತಡೆಯುತ್ತದೆ. ಉಬ್ಬಸ ಬರದಿದ್ದರೆ ಅವಳಿಗೆ ತಿಳಿಯುವುದಾದರೂ ಹೇಗೆ? ಸಾಯಗಾಂವದಲ್ಲಿ ತಪ್ಪಿದ್ದು ಗುಳಿಗೆ, ಅವಳಲ್ಲ.

೨೬ ಸೆಪ್ಟೆಂಬರ್

ಭಾಲ್ಕಿ ಕಡೆಯ ಎರಡು ಹಗೇವು. ಬೆಳಿಗ್ಗೆ ಗುಳಿಗೆ ಕೊಡಲಿಲ್ಲ. ಮೊದಲನೆಯದು ಮಲಗಿದೆ ಎಂದಳು, ತೆಗೆದರೆ ಮುತ್ತಿನಂಥ ಜೋಳ. ಎರಡನೆಯದಕ್ಕೆ ಇನ್ನೂ ದೂರವಿರುವಾಗಲೇ ಬಂಡಿಯ ಕಟ್ಟು ಹಿಡಿದುಕೊಂಡಳು. "ಎಚ್ಚರ ಅದ ಅಕ್ಕಾ. ನಾವು ಬರೋದು ಅದಕ್ಕ ಗೊತ್ತಾಗ್ಯದ." ಅವಳ ಕುತ್ತಿಗೆಯ ನರ ಎದ್ದು ನಿಂತಿದ್ದವು. ಬಿಸಿಲಿತ್ತು, ಜನರಿದ್ದರು, ಆದರೂ ನನ್ನ ತೋಳಿನ ಮೇಲೆ ಮುಳ್ಳೆದ್ದಿತು. ಅದು ರುಕ್ಮಿಣಿಬಾಯಿ ಎಂಬ ವಿಧವೆಯ ಹಗೇವು. ಆಕೆ ನನ್ನ ಕಾಲು ಹಿಡಿಯಲು ಬಂದಳು, ಮಲಗಿದೆ ಎಂದು ಹೇಳಿಸ್ರಿ ತಾಯಿ ಎಂದು. ಏನು ಮಾಡಲಿ? ನಾವು ಸುಳ್ಳು ಹೇಳುವಂತಿಲ್ಲ.

ದಾರಿಯಲ್ಲಿ ಗುಳಿಗೆ ಕೊಟ್ಟೆ. ರಾತ್ರಿಯಿಂದ ಎರಡೂ ಕಾಲು ಹಿಡಿದುಕೊಂಡಿವೆ. ಬಿಸಿ ಹಿಟ್ಟಿನ ಶಾಖ ಕೊಡುತ್ತಿದ್ದೇನೆ. ಕಣ್ಣು ಹಳದಿಯಾಗಿದೆ. ನನ್ನ ಎದೆ ಒಡೆಯುತ್ತದೆ. ಇನ್ನು ಸ್ವಲ್ಪ ದಿನ, ಆ ಖೋಲಿಗೆ ಹೋದರೆ ಇದೆಲ್ಲ ಮುಗಿಯುತ್ತದೆ.

೪ ಅಕ್ಟೋಬರ್

ಸುಣ್ಣ ಹೊಡೆಯುತ್ತಿದ್ದಾರೆ. ಒಂದು ಗೋಡೆ ಆಗಿದೆ.

೮ ಅಕ್ಟೋಬರ್

ಮೂರು ಊರು ಮುಗಿಸಿ ಬಂದೆವು. ನಮ್ಮ ಒಂದು ಮಾತೂ ಸುಳ್ಳಾಗಲಿಲ್ಲ. ಈಗ ಜನ ಬಂಡಿ ಬರುವ ಮೊದಲೇ ಹಗೇವಿನ ಸುತ್ತ ಸಾರಿಸಿ ರಂಗೋಲಿ ಹಾಕಿರುತ್ತಾರೆ. ಒಬ್ಬಳು ತೆಂಗಿನಕಾಯಿ ತಂದಿದ್ದಳು, ನಾವು ಪ್ರಾರ್ಥನೆ ಮಾಡುವವರು ಎಂದು ಹೇಳಿ ಬೇಡವೆಂದೆ. ಆದರೆ ಹಿಂದಿನ ದಿನದಿಂದ ಎಲಿಜಬೆತಳಿಗೆ ಬೆಳ್ಳುಳ್ಳಿ, ಎಣ್ಣೆ ಕೊಡುವುದಿಲ್ಲ. ನಿಲ್ಲುವ ಮೊದಲು ಮುಖ ತೊಳೆಸುತ್ತೇನೆ, ಚಪ್ಪಲಿ ಬಿಡಿಸುತ್ತೇನೆ, ಎಡದಿಂದ ಬಲಕ್ಕೇ ಸುತ್ತಿಸುತ್ತೇನೆ. ಒಮ್ಮೆ ಬಲದಿಂದ ಸುತ್ತಿದಾಗ ಅವಳಿಗೆ ತಡವಾಗಿ ತಿಳಿಯಿತು. ಇದರಲ್ಲಿ ಭಯಭಕ್ತಿಯ ಮಾತೇನಿಲ್ಲ, ಕೆಲಸಕ್ಕೊಂದು ಶಿಸ್ತು ಬೇಕು.

ಅವಳ ಸೊಂಟ ಹಿಡಿದಿದೆ. ಕಣ್ಣು ಹಳದಿ. ಅದು ಇದ್ದದ್ದೇ.

೧೯ ಅಕ್ಟೋಬರ್

ಭೀಮಬಾಯಿಯ ಗಂಡ ಕಾಶೀರಾಮ ದಸರೆಗೆ ನಾಗಪುರಕ್ಕೆ ಹೋಗಿದ್ದವನು ಬುದ್ಧನ ದೀಕ್ಷೆ ತೆಗೆದುಕೊಂಡು ಬಂದಿದ್ದಾನೆ. ಬಿಳಿ ಅಂಗಿ, ಹೊಸ ನಡಿಗೆ. ಇವತ್ತು ಪಾಟೀಲರ ಕಣದಲ್ಲಿ ಕೂಲಿಗೆ ಕರಿ ಜೋಳ ಅಳೆದುಕೊಟ್ಟರೆ ಗಂಡಹೆಂಡಿರಿಬ್ಬರೂ ಸೆರಗು ಒಡ್ಡಲಿಲ್ಲವಂತೆ. ಖಾಲಿ ಕೈಯಲ್ಲಿ ಮನೆಗೆ ಬಂದರು. ಇದೆಂಥ ಹುಚ್ಚು, ಉಪವಾಸ ಇರ್ತೀರೇನು ಎಂದು ನಾನು ಬೈದೆ.

ಭೀಮಬಾಯಿ ಒಲೆಯ ಮುಂದಿಂದ ಎದ್ದು ಬಂದಳು. "ಹಗೇವಿನ ಹೊಲಸು ಇನ್ನ ಮುಂದ ನಮ್ಮ ಮನ್ಯಾಗ ಬರಂಗಿಲ್ರಿ ಬಾಯಿ. ನೀವು ಓದಿದವರು. ತಂಗೀನ ಯಾಕ ಅದರ ಬಾಯಿಗಿ ಹಿಡೀತೀರಿ?"

ಖೋಲಿಯ ಬೆಲೆ ಅವಳಿಗೇನು ಗೊತ್ತು? ಅವಳ ಮಕ್ಕಳ ರಕ್ತ ದುಂಡಗಿದೆ.

೨೩ ಅಕ್ಟೋಬರ್

ಔರಾದ. ಇದೇ ಕೊನೆಯದು ಎಂದು ಪಾಟೀಲರು ಬಾಯಿ ಬಿಟ್ಟು ಹೇಳಿದ್ದರು. ಹಳೆಯ ಕೋಟೆಯ ಪಕ್ಕದ ದೊಡ್ಡ ಹಗೇವು. ಎಲಿಜಬೆತ ಬಂಡಿಯಿಂದ ಇಳಿಯಲು ಒಪ್ಪಲಿಲ್ಲ. ಎಷ್ಟು ಜನ ಸೇರಿದ್ದರು! ನನಗೆ ನಾಚಿಕೆಯಾಯಿತು. ಕಿವಿಯಲ್ಲಿ ಖೋಲಿಯ ಮಾತು ಹೇಳಿ, ರಟ್ಟೆ ಹಿಡಿದು ಇಳಿಸಿದೆ. ಅವಳು ಚಪ್ಪಡಿಯ ಮೇಲೆ ಬರಿಗಾಲಲ್ಲಿ ನಿಂತಳು. ಆಮೇಲೆ ಸಣ್ಣ ದನಿಯಲ್ಲಿ, "ಇದು ನನ್ನ ಗುರುತು ಹಿಡೀತು" ಎಂದಳು. ಹಾಗೆಯೇ ಕುಸಿದಳು.

ತುಟಿ ನೀಲಿಯಾಗಿತ್ತು. ಗುಳಿಗೆ ಪುಡಿ ಮಾಡಿ ನಾಲಿಗೆಯ ಮೇಲೆ ಹಾಕಿದೆ. ಜನ ಹಿಂದೆ ಸರಿದು ಕೈಮುಗಿದು ನಿಂತಿದ್ದರು. ತೆಗೆದು ನೋಡುವ ಗೋಜಿಗೆ ಯಾರೂ ಹೋಗಲಿಲ್ಲ, ನಮ್ಮ ಮಾತಿಗೆ ಈಗ ಅಷ್ಟು ಬೆಲೆ ಇದೆ.

೧ ನವೆಂಬರ್, ಗುರುವಾರ

ಎಂಥ ದಿನ! ಬೆಳಿಗ್ಗೆ ಮಕ್ಕಳ ಮೆರವಣಿಗೆ, ಬಾವುಟ, ಜಿಲೇಬಿ. ಇವತ್ತಿನಿಂದ ನಾವು ಮೈಸೂರು ರಾಜ್ಯದವರು. ಶಾಲೆಯ ಹಲಗೆಗೆ ಕನ್ನಡದ ಹೆಸರು ಬರೆದದ್ದು ನಾನೇ. ಅಕ್ಷರ ದುಂಡಗೆ ಬಂದಿವೆ ಎಂದು ಇನ್ಸ್‌ಪೆಕ್ಟರ್ ಸಾಹೇಬರೇ ಹೇಳಿದರು. ಸಭೆ ಮುಗಿದ ಮೇಲೆ ಪಾಟೀಲರು ಎಲ್ಲರ ಮುಂದೆ ನನ್ನ ಕೈಗೆ ಬೀಗದ ಕೈ ಕೊಟ್ಟರು.

ಸಂಜೆಯೊಳಗೆ ಸಾಮಾನು ಸಾಗಿಸಿದೆ. ಬಿಳೀ ಗೋಡೆ. ಒಂದು ಕಪ್ಪು ಚುಕ್ಕೆ ಇಲ್ಲ. ಎಲಿಜಬೆತಳ ಮಂಚವನ್ನು ಕಿಟಕಿಯ ಪಕ್ಕದ ಮೂಲೆಗೆ ಹಾಕಿದೆ, ಎದ್ದ ಕೂಡಲೇ ಮುಖದ ಮೇಲೆ ಬಿಸಿಲು ಬೀಳಲಿ ಎಂದು. ಅವ್ವ ಇದ್ದಿದ್ದರೆ! ಮಂಡಿಯೂರಿ ಬಹಳ ಹೊತ್ತು ಅತ್ತೆ. ಖುಷಿಗೆ ಅತ್ತದ್ದು.

೪ ನವೆಂಬರ್

ಬಿಸಿಲು ನೆಲದ ಮೇಲೆ ಹಾಸಿ ಬಿದ್ದಿದೆ. ಫರಸಿ ಬೆಚ್ಚಗಿದೆ. ಬಟ್ಟೆ ಹರವಿದರೆ ಗರಿಗರಿಯಾಗಿ ಒಣಗುತ್ತದೆ. ಎಲಿಜಬೆತ ಕಿಟಕಿಯಲ್ಲಿ ಕುಳಿತು ಹೊಲಿಗೆ ಹಾಕುತ್ತಿದ್ದಾಳೆ. ಹಗಲಿಡೀ ಕಿಟಕಿಯಿಂದ ಮುಖ ಹೊರಗೆ ಹಾಕಿಯೇ ಇರುತ್ತಾಳೆ. ಬಾಜಾರ ನೋಡುವ ಚಪಲ, ಪಾಪ, ಇಷ್ಟು ವರ್ಷ ಆ ಕತ್ತಲೆಯಲ್ಲಿದ್ದಳು.

೭ ನವೆಂಬರ್

ಬೆಳಿಗ್ಗೆ ಅವಳು ಮಂಚವನ್ನು ತಾನೇ ಎಳೆದು ಬಾಗಿಲ ಹತ್ತಿರ ಹಾಕಿಕೊಂಡಿದ್ದಳು. ಯಾಕೆ ಎಂದು ಕೇಳಿದೆ. ಮೂಲೆಯ ನೆಲದ ಕಲ್ಲನ್ನು ತೋರಿಸಿದಳು.

"ಅಕ್ಕಾ, ಇಲ್ಲೂ ಎಚ್ಚರ ಅದ."

ನಾನು ನಕ್ಕುಬಿಟ್ಟೆ. ಕಲ್ಲಿನ ಖೋಲಿಯಲ್ಲಿ, ಸುಣ್ಣದ ನಡುವೆ, ಇಂಥ ಬಿಸಿಲಿನಲ್ಲಿ ಬುರ್ಸಿ ಎಲ್ಲಿಂದ ಬರಬೇಕು? ಮೂಲೆಗೆ ಮೂಗು ಹಚ್ಚಿ ನೋಡಿದೆ. ಸುಣ್ಣದ ವಾಸನೆ. ಕಲ್ಲುಗಳ ಸಂದಿಯಲ್ಲಿ ಕೂದಲು ಹೋಗುವಷ್ಟು ಜಾಗವಿದೆ, ಅಷ್ಟೇ. ಇಷ್ಟು ಹಗೇವು ಸುತ್ತಿ ಅವಳ ತಲೆಯಲ್ಲಿ ಅದೇ ಕುಳಿತಿದೆ. ಮಂಚವನ್ನು ಮತ್ತೆ ಬಿಸಿಲಿಗೆ ಎಳೆದು ಹಾಕಿದೆ.

೧೦ ನವೆಂಬರ್

ದಿನವೂ ಅದೇ ರಾಗ. ಉಬ್ಬಸ ಸಣ್ಣಗೆ ಶುರುವಾಗಿದೆ, ಗುಳಿಗೆ ಕೊಟ್ಟರೆ ಇಳಿಯುತ್ತದೆ, ಮತ್ತೆ ಬರುತ್ತದೆ. ಸುಣ್ಣದ ಧೂಳು ಇರಬೇಕು. ಇವತ್ತು ನನ್ನ ಮುಂಗೈ ಹಿಡಿದುಕೊಂಡಳು.

"ಪಾಟೀಲರಿಗಿ ಹೇಳಿ ಆ ಕಲ್ಲು ಎಬ್ಬಿಸು ಅಕ್ಕಾ. ಒಂದೇ ಕಲ್ಲು."

"ಖೋಲಿ ಬೇಡಿದವಳು ನಾನೇ, ಈಗ ಅದನ್ನ ಅಗೀರಿ ಅಂತ ಯಾವ ಬಾಯಿಲೆ ಹೇಳ್ಲಿ?"

"ಎಲ್ಲಾ ಊರಾಗೂ ನಾ ಹೇಳಿದ್ದು ಖರೆ ಅಂದಿ. ಇಲ್ಲಿ ಯಾಕ ಸುಳ್ಳು ಅಂತೀ?"

ನಾನು ಗದರಿದೆ. ಅವಳಿಗೆ ತಿಳಿಯುವುದಿಲ್ಲ. ಪಾಟೀಲರು ಸಿಟ್ಟಾಗಿ ಹೊರಗೆ ಹಾಕಿದರೆ ಮತ್ತೆ ಆ ಬೆವರುವ ಗೋಡೆಗೇ ಹೋಗಬೇಕು. ಹಾಗೆಂದು ಅವಳನ್ನು ಕೊಲ್ಲಲೇನು?

೧೩ ನವೆಂಬರ್

ಬೆಳಿಗ್ಗೆ ಎದ್ದಾಗ ಮಂಚ ಖಾಲಿ. ಅಂಗಳದ ಕಟ್ಟೆಯ ಮೇಲೆ ಕೌದಿ ಸುತ್ತಿಕೊಂಡು ಮಲಗಿದ್ದಳು. ಥಂಡಿಗೆ ಬೆರಳೆಲ್ಲ ಮರಗಟ್ಟಿದ್ದವು. ಡಾಕ್ಟರಮ್ಮ ಥಂಡಿ ಬೇಡವೆಂದಿದ್ದರಲ್ಲ! ಪಾಟೀಲರ ಮನೆಯ ಹೆಂಗಸರು ಕಿಟಕಿಯಿಂದ ನೋಡುತ್ತಿದ್ದರು. ಅಂಥ ಖೋಲಿ ಕೊಟ್ಟರೂ ಕಟ್ಟೆಯ ಮೇಲೆ ಮಲಗುತ್ತಾರೆ ಎಂದು ಆಡಿಕೊಳ್ಳುವುದಿಲ್ಲವೇ? ಎತ್ತಿಕೊಂಡು ಒಳಗೆ ತಂದೆ. ಎಷ್ಟು ಹಗುರಾಗಿದ್ದಾಳೆ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದೆ, ಗಾಳಿ ಬಾರದಂತೆ ಕಿಟಕಿಯನ್ನೂ ಮುಚ್ಚಿದೆ.

೧೪ ನವೆಂಬರ್

ಇವತ್ತು ಗಲಾಟೆ ಮಾಡಲಿಲ್ಲ. ನಾನು ಹೇಳಿದಂತೆ ಮೂಲೆಯಲ್ಲೇ ಮಲಗಿದಳು. ಗೋಡೆಯ ಕಡೆ ಮುಖ ಮಾಡಿ ಯಾರಿಗೋ ಮೆತ್ತಗೆ, "ಮಲಗು, ಮಲಗು" ಎನ್ನುತ್ತಿದ್ದಳು.

೧೫ ನವೆಂಬರ್

ಉಬ್ಬಸ ಇಳಿಯುತ್ತಿಲ್ಲ. ಗುಳಿಗೆ ಮುಗಿದಿವೆ. ಎದೆಯಲ್ಲಿ ಚೂರಿ ಹಾಕಿದಂತಾಗುತ್ತದೆ ಎನ್ನುತ್ತಾಳೆ. ಪಾಟೀಲರು ಬಂಡಿ ಕಟ್ಟಿಸಿದ್ದಾರೆ, ಬೀದರಿಗೆ.

೨೪ ನವೆಂಬರ್

ಬರೆಯಬೇಕು. ಕೈ ಏಳುವುದಿಲ್ಲ.

ಅವಳು ಕಳೆದ ಶನಿವಾರ ಹೋದಳು. ಮುಖದ ಮೇಲೆ ಗಾಳಿಯ ಕೊಳವೆ ಹಿಡಿದಿದ್ದರು, ಆದರೂ ಆಗಲಿಲ್ಲ. ಎದೆಯೊಳಗೇ ರಕ್ತ ಸಿಕ್ಕಿಕೊಂಡಿತು ಎಂದರು. ಕೊನೆಗೆ ನೋವಿರಲಿಲ್ಲ ಎಂದರು, ನಂಬಲೇಬೇಕು. ಗಿಡಿಯೋನನ ಪಕ್ಕದಲ್ಲಿ ಮಣ್ಣು ಮಾಡಿದೆವು. ಪೆಟ್ಟಿಗೆ ಇಳಿಸುವಾಗ ನಾನು ಬೇಡವೆಂದು ಕೂಗಿದೆನಂತೆ, ನೆಲದೊಳಗೆ ಬೇಡ ಎಂದು. ನನಗೆ ನೆನಪಿಲ್ಲ.

ಡಾಕ್ಟರಮ್ಮ ನನ್ನ ಕೈ ಹಿಡಿದುಕೊಂಡು, ಒಣ ಖೋಲಿ ಸಿಕ್ಕಿರಲಿಲ್ಲವೇ ಎಂದು ಕೇಳಿದರು. ಸಿಕ್ಕಿತ್ತು ಎಂದೆ.

೨೮ ನವೆಂಬರ್

ಖೋಲಿಗೆ ಬಂದಿದ್ದೇನೆ. ಅವಳ ಕೌದಿ ಮಡಿಸಲಿಲ್ಲ. ಪಾಟೀಲರು ಮಾತಾಡಿಸಲು ಬಂದವರು ಬಾಗಿಲಲ್ಲೇ ನಿಂತರು, ಅವರ ಕಣ್ಣಲ್ಲೂ ನೀರಿತ್ತು. ಏನಾದರೂ ಬೇಕೇ ಎಂದರು. ಆ ಮೂಲೆಯ ಕಲ್ಲು ಎಬ್ಬಿಸಿರಿ ಎಂದೆ. ಅವಳು ಏನು ಹೇಳಿದ್ದಳು ಎಂದು ಕೇಳಿದರು. ಹೇಳಿದೆ. ಅವರ ಮುಖ ಬದಲಾಯಿತು. ನಾಳೆಯೇ ಆಳು ಕಳಿಸುತ್ತೇನೆ ಎಂದು ಹೊರಟರು.

೨೯ ನವೆಂಬರ್

ಬೆಳಿಗ್ಗೆ ಆಳುಗಳು ಬಂದರು. ಮಂಚ ಸರಿಸಿ, ಹಾರೆ ಹಾಕಿ ಫರಸಿ ಎಬ್ಬಿಸಿದರು. ಕೆಳಗೆ ಮುರುಮ್ಮು. ಅದರ ಕೆಳಗೆ ಚಪ್ಪಡಿ.

ಪೊಲೀಸ್ ಕಾರ್ಯಾಚರಣೆಯ ವರ್ಷ, ನಲವತ್ತೆಂಟರಲ್ಲಿ, ಲೂಟಿಗೆ ಹೆದರಿ, ಪಾಟೀಲರ ತಂದೆ ರಾತ್ರೋರಾತ್ರಿ ಅಲ್ಲಿ ಜೋಳ ಇಳಿಸಿ ಮೇಲೆ ಫರಸಿ ಹಾಸಿಬಿಟ್ಟಿದ್ದರಂತೆ, ಆಗ ಜೊತೆಗಿದ್ದ ಹಳೆಯ ಆಳೊಬ್ಬ ಈಗ ಬಾಯಿಬಿಟ್ಟ. ಮಗನಿಗೂ ಹೇಳದೆ ತೀರಿಕೊಂಡರು. ಚಪ್ಪಡಿ ಸರಿಸಿದಾಗ ಒಳಗಿನಿಂದ ಬೆಚ್ಚನೆಯ ಗಾಳಿ ಎದ್ದಿತು. ಆಳುಗಳು ಮೂಗಿಗೆ ರುಮಾಲು ಹಿಡಿದು ಹೊರಗೆ ಓಡಿದರು. ದೀಪ ಇಳಿಬಿಟ್ಟರೆ ಆರಿತು. ಕಿಟಕಿಯ ಬಿಸಿಲು ನೇರವಾಗಿ ಆ ಬಾಯೊಳಗೆ ಬೀಳುತ್ತಿತ್ತು, ಕೆಳಗೆ ಕರಿ ಜೋಳದ ಮೇಲೆ ಬಿಳಿ ಉಣ್ಣೆ ಹಾಸಿದಂತೆ ಬೂಷ್ಟು ಬೆಳೆದಿತ್ತು. ಎಂಟು ವರ್ಷ ಎಚ್ಚರ ಇತ್ತು ನೋಡ್ರಿ ಎಂದು ಅಂಗಳದಲ್ಲಿ ಯಾರೋ ಅಂದರು. ಜನ ನೆರೆದು ಖೋಲಿಯ ಕಡೆಗೆ ಕೈಮುಗಿಯುತ್ತಿದ್ದರು. ಭೀಮಬಾಯಿಯೊಬ್ಬಳು ಕೈಮುಗಿಯಲಿಲ್ಲ, ನನ್ನನ್ನೇ ನೋಡುತ್ತ ನಿಂತಿದ್ದಳು.

ನನ್ನ ತಂಗಿಯ ಮಾತು ಒಂದೂ ಸುಳ್ಳಾಗಲಿಲ್ಲ.

ಎಲ್ಲರೂ ಹೊರಗೆ ಹೋದ ಮೇಲೆ ನಾನು ಆ ಬಾಯಿಯ ಪಕ್ಕ ಮೊಣಕಾಲೂರಿದೆ. ಅವಳ ಹಾಗೆ ಎದೆಯ ಮೇಲೆ ಕೈ ಇಟ್ಟುಕೊಂಡೆ. ತಲೆ ಒಳಗೆ ಹಾಕಿ ಉಸಿರು ಎಳೆದೆ, ಮತ್ತೆ ಎಳೆದೆ, ಉಬ್ಬಸ ಬರಲಿ ಎಂದು ಕಾದೆ. ಎದೆ ಬಿಗಿಯಲಿಲ್ಲ. ಸ್ವಲ್ಪ ತಲೆ ತಿರುಗಿತು, ಅದೂ ಹೋಯಿತು. ಉಸಿರು ಸಲೀಸಾಗಿ ಬಂತು, ಸಲೀಸಾಗಿ ಹೋಯಿತು. ನನಗೆ ಏನೂ ಆಗಲಿಲ್ಲ.